ತೀರ್ಮಾನ ಮೊದಲೇ ಬರೆದಿಟ್ಟ ಪುಸ್ತಕ

ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ವಾರ ಅದು. ಹತ್ತಿಕುಣಿ ಕಡೆ ಹೋದವನು ಒಂದು ಶಾಲೆಯ ಎರಡನೆಯ ತರಗತಿಯಲ್ಲಿ ಕೂತಿದ್ದೆ. ನಡುವೆ ಒಂದು ಬಕೆಟ್ ನೀರು, ಸುತ್ತ ಮಕ್ಕಳು. ಅಕ್ಕೋರ ಕೈಯಲ್ಲಿ 'ಸ್ಟೆಮ್' ಎಂದು ದಪ್ಪಕ್ಷರದಲ್ಲಿ ಅಚ್ಚಾದ ಚಟುವಟಿಕೆ ಪುಸ್ತಕ. ಪಾಠ: ತೇಲುವುದು, ಮುಳುಗುವುದು. ಎಲೆ ತೇಲಿತು, ಮೊಳೆ ಮುಳುಗಿತು, ಜೋಳದ ದಂಟಿನ ಬೆಂಡು ತೇಲಿತು. ಮಣ್ಣಿನ ಸರದಿ ಬಂದಾಗ ಒಬ್ಬ ಹುಡುಗಿ ಉಂಡೆಯನ್ನು ಹಾಗೇ ಹಾಕಲಿಲ್ಲ. ಹಬ್ಬದಲ್ಲಿ ಎತ್ತಿನ ಮುಂದಿಡಲು ಗ್ವಾದಲಿ ಮಾಡಿದ್ದ ಕೈ ಅದು. ಹೆಬ್ಬೆರಳಿಂದ ಒತ್ತಿ ಒತ್ತಿ ತೆಳುವಾದ ಬಟ್ಟಲು ಮಾಡಿ ನೀರ ಮೇಲಿಟ್ಟಳು.

"ಅಕ್ಕೋರ, ಮಣ್ಣು ತೇಲಲಕತ್ತದ ನೋಡ್ರಿ!"

ಅಕ್ಕೋರು ನೋಡಿದರು, ನಕ್ಕರು. ಆಮೇಲೆ ಪುಸ್ತಕ ನೋಡಿದರು. ಅಲ್ಲಿ ಕೋಷ್ಟಕವಿತ್ತು: ಮಣ್ಣು – ಮುಳುಗುತ್ತದೆ. ಹಾಗೇ ಬರೆಸಿದರು.

ನನ್ನ ತಕರಾರು ಅಕ್ಕೋರ ಮೇಲಲ್ಲ. ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸುವವರಿಗೆ ಪುಸ್ತಕವೇ ಆಸರೆ. ತಕರಾರು ಇರುವುದು ಆ ಪುಸ್ತಕದ ಗದ್ಯದ ಮೇಲೆ. ಕನ್ನಡದಲ್ಲಿ ಮಕ್ಕಳ ಪ್ರಯೋಗ ಪುಸ್ತಕಗಳಿಗೆ ಒಂದು ಸಿದ್ಧ ಅಚ್ಚಿದೆ: ಬೇಕಾಗುವ ಸಾಮಗ್ರಿಗಳು, ವಿಧಾನ, ವೀಕ್ಷಣೆ, ತೀರ್ಮಾನ. ಕ್ರಿಯಾಪದಗಳೆಲ್ಲ ಅಪ್ಪಣೆ: ತೆಗೆದುಕೊಳ್ಳಿ, ಹಾಕಿ, ಗಮನಿಸಿ. ಕೊನೆಗೆ ಭವಿಷ್ಯವಾಣಿ: 'ಮಣ್ಣು ಮುಳುಗುವುದನ್ನು ನೀವು ಕಾಣುವಿರಿ.' ಮಗು ಏನು ಕಾಣುತ್ತದೆ ಎಂಬುದು ಮಗು ನೋಡುವ ಮೊದಲೇ ಅಚ್ಚಾಗಿಬಿಟ್ಟಿದೆ. ಕೈಗೆ ಕೆಲಸ ಕೊಟ್ಟು ಕಣ್ಣಿನ ಕೆಲಸ ಕಿತ್ತುಕೊಂಡ ಹಾಗೆ.

ಬೇರೆ ರೀತಿ ಬರೆಯಬಹುದು ಎಂಬುದಕ್ಕೆ ಸಾಕ್ಷಿ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ 'ಬಾಲ್ ವೈಜ್ಞಾನಿಕ್' ಪುಸ್ತಕಗಳು ಪ್ರಶ್ನೆ ಕೇಳಿ ಉತ್ತರದ ಜಾಗ ಖಾಲಿ ಬಿಟ್ಟವು. 2002ರಲ್ಲಿ ಆ ಕಾರ್ಯಕ್ರಮ ನಿಂತಿತು. ಖಾಲಿ ಜಾಗವನ್ನು ಸಹಿಸುವುದು ವ್ಯವಸ್ಥೆಗೆ ಸುಲಭವಲ್ಲ. ಅದರ ಒಡನಾಟದಲ್ಲೇ ಬೆಳೆದ ಅರವಿಂದ ಗುಪ್ತ ಕಡ್ಡಿ, ಸೈಕಲ್ ವಾಲ್ವ್ ಟ್ಯೂಬುಗಳಿಂದ ಆಟಿಕೆ ಮಾಡುವುದನ್ನು ಕಲಿಸಿದರು. ಅವರ ಆಟಿಕೆ ಮುರಿದರೂ ನಷ್ಟವಿಲ್ಲ, ಆದ್ದರಿಂದ ಮಗು ಬದಲಿಸಿ ನೋಡಬಹುದು. ದುಬಾರಿ ಕಿಟ್‌ನಲ್ಲಿ ಇಲ್ಲದ ಸ್ವಾತಂತ್ರ್ಯ ಇದು.

ನಮ್ಮಲ್ಲೂ ದಾರಿಗಳಿದ್ದವು. ಶಿವರಾಮ ಕಾರಂತರು 1936ರಲ್ಲೇ 'ಬಾಲ ಪ್ರಪಂಚ'ದ ಮೂರು ಸಂಪುಟ ಕೊಟ್ಟರು. ಅದು ಹೇಳುವ ಪುಸ್ತಕ, ಮಾಡಿಸುವ ಪುಸ್ತಕವಲ್ಲ. ಆದರೂ ಮಗುವಿಗೆ ಇಡೀ ಲೋಕ ಬೇಕು ಎಂದು ನಂಬಿತ್ತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತ ನಲಿ-ಕಲಿ, ಕಲಿಕಾ ಏಣಿಯ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತಲಿ ಎಂದಿತು. ಅದು ಮಗುವಿಗೆ ವೇಗ ಬಿಟ್ಟುಕೊಟ್ಟಿತು. ಮುಂದಿನ ಹೆಜ್ಜೆ, ತೀರ್ಮಾನವನ್ನೂ ಬಿಟ್ಟುಕೊಡುವುದು.

ಹಾಗೆಂದು ಹಬ್ಬದ ಮಣ್ಣೇ ವಿಜ್ಞಾನ ಎಂದು ಹಾಡಿ ಹೊಗಳಲಾರೆ. ಗ್ವಾದಲಿ ಮಾಡಿದ ಮಾತ್ರಕ್ಕೆ ಅದೇಕೆ ತೇಲಿತು ಎಂದು ತಿಳಿಯುವುದಿಲ್ಲ. ಮಣ್ಣಿನ ತೂಕ ಅಷ್ಟೇ ಇತ್ತು. ಆದರೆ ಬಟ್ಟಲಾದಾಗ ಅದು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳಬಲ್ಲದಾಯಿತು. ಕಬ್ಬಿಣದ ಹಡಗು ತೇಲುವುದೂ ಹೀಗೇ. ಇದನ್ನು ಏಳು ವರ್ಷದ ಮಗುವಿಗೆ ವಿವರಿಸಬೇಕಿಲ್ಲ. 'ಅದೇ ಮಣ್ಣನ್ನು ಬೇರೆ ಆಕಾರ ಮಾಡಿ ಹಾಕಿದರೆ?' ಎಂಬ ಒಂದು ಸಾಲು ಪುಸ್ತಕದಲ್ಲಿದ್ದರೆ ಸಾಕಿತ್ತು. ಆ ಸಾಲು ಹುಡುಗಿಗಿಂತ ಹೆಚ್ಚಾಗಿ ಅಕ್ಕೋರ ನೆರವಿಗೆ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ನೀರು ಕುಡಿದ ಗ್ವಾದಲಿಯ ಅಂಚು ಕುಸಿದು, ಅದು ಮುಳುಗಿತು. ಪಕ್ಕದ ಹುಡುಗ, "ಈಗ ಪುಸ್ತಕದಾಗಿಂದು ಖರೇ ಆತು" ಅಂದ. ಹುಡುಗಿ ಒಪ್ಪಲಿಲ್ಲ. "ಸುಟ್ಟಿದ್ರ ಕರಗತಿದ್ದಿಲ್ಲ" ಅಂದಳು.

ಆ ಮಾತಿಗೆ ಕೋಷ್ಟಕದಲ್ಲಿ ಜಾಗವಿರಲಿಲ್ಲ. ನಾನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.