ಊಟದ ಹೊತ್ತಿಗೆ ಮುಗಿಯುವ ಆಟಗಳು

ಪೋಲೆಂಡಿನ ಟೆಕ್‌ಲ್ಯಾಂಡ್ ಕಂಪನಿ 2022ರ ಜನವರಿಯಲ್ಲಿ ತನ್ನ ಹೊಸ ಗೇಮ್ 'ಡೈಯಿಂಗ್ ಲೈಟ್ 2' ಬಗ್ಗೆ ಹೆಮ್ಮೆಯಿಂದ ಒಂದು ಮಾತು ಹೇಳಿಕೊಂಡಿತು. ಪೂರ್ತಿ ಮುಗಿಸಬೇಕೆಂದರೆ ಕಡಿಮೆಯೆಂದರೂ 500 ಗಂಟೆ ಬೇಕು, ವಾರ್ಸಾದಿಂದ ಮ್ಯಾಡ್ರಿಡ್‌ವರೆಗೆ ನಡೆದುಕೊಂಡು ಹೋಗುವಷ್ಟು ಹೊತ್ತು! ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದರೇನೋ, ಸಿಕ್ಕಿದ್ದು ಬೈಗುಳ. ಮುಖ್ಯ ಕಥೆ 20 ಗಂಟೆಯದ್ದು, ಉಳಿದದ್ದೆಲ್ಲ ಮೂಲೆಮೂಲೆ ತಡಕುವವರಿಗೆ ಎಂದು ಆಮೇಲೆ ಸಮಜಾಯಿಷಿ ಕೊಡಬೇಕಾಯಿತು. ದಿನಕ್ಕೊಂದು ಗಂಟೆಯಂತೆ ಆಡಿದರೆ 500 ಗಂಟೆಗೆ ಒಂದು ವರ್ಷ ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ಮನೆಯಲ್ಲಿ ಒಂದು ಮದುವೆ, ಒಂದು ಬಾಣಂತನ ಎರಡೂ ಆಗಿಹೋಗಿರುತ್ತವೆ.

ನಾನು ಈಚೆಗೆ ಆಡಿ ಮುಗಿಸಿದವು ಇದಕ್ಕೆ ತೀರಾ ಉಲ್ಟಾ. ಕೆಲವು ಅರ್ಧ ಗಂಟೆಯವು, ಕೆಲವು ಒಂದೂವರೆ ಗಂಟೆಯವು. ಎಲ್ಲಕ್ಕಿಂತ ಉದ್ದದ್ದೂ ಮಧ್ಯಾಹ್ನ ಶುರು ಮಾಡಿದರೆ ರಾತ್ರಿ ಊಟದೊಳಗೆ ಮುಗಿಯುತ್ತದೆ. ಎಲ್ಲವನ್ನೂ ಮಾಡಿದವರು ಒಬ್ಬಿಬ್ಬರು, ಇಲ್ಲವೇ ಬೆರಳೆಣಿಕೆಯ ಜನರ ತಂಡ. ಒಂದರ ಹಿಂದೊಂದು ಆಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಸಣ್ಣ ಆಟದ ಗುಟ್ಟು ಅದರ ಕಥೆಯಲ್ಲಿ ಇಲ್ಲ, ಅದು ನಮ್ಮ ಕೈಗೆ ಯಾವ ಕೆಲಸ ಕೊಡುತ್ತದೆ ಅನ್ನುವುದರಲ್ಲಿದೆ. ದೊಡ್ಡ ಗೇಮ್‌ನಲ್ಲಿ ಓಡುವುದು, ಹಾರುವುದು, ಗುಂಡು ಹೊಡೆಯುವುದು, ಮೀನು ಹಿಡಿಯುವುದು ಎಲ್ಲ ಇರುತ್ತದೆ. ಒಂದು ಸಪ್ಪೆಯಾದರೆ ಇನ್ನೊಂದು ಕಾಪಾಡುತ್ತದೆ. ಸಣ್ಣದರಲ್ಲಿ ಇರುವುದು ಒಂದೇ ಕೆಲಸ. ಅದನ್ನು ಸರಿಯಾಗಿ ಆರಿಸಿದ್ದರೆ ಕಥೆಯನ್ನು ಬಾಯಿಬಿಟ್ಟು ಹೇಳುವ ಪ್ರಮೇಯವೇ ಬರುವುದಿಲ್ಲ.

ಆಸ್ಟ್ರೇಲಿಯಾದ ಬ್ರಿಸ್ಬೇನಿನ ವಿಚ್ ಬೀಮ್ ತಂಡದ 'ಅನ್‌ಪ್ಯಾಕಿಂಗ್' (2021) ನೋಡಿ. ಹೊಸ ಮನೆಗೆ ಬಂದ ರಟ್ಟಿನ ಡಬ್ಬಗಳನ್ನು ಬಿಚ್ಚಿ ಸಾಮಾನು ಜೋಡಿಸುವುದಷ್ಟೇ ಇಲ್ಲಿ ಕೆಲಸ. 1997ರಲ್ಲಿ ಒಬ್ಬ ಹುಡುಗಿಗೆ ಸ್ವಂತ ಕೋಣೆ ಸಿಗುತ್ತದೆ. ಅಲ್ಲಿಂದ 2018ರೊಳಗೆ ಎಂಟು ಸಲ ಅವಳ ಡಬ್ಬಗಳನ್ನು ನಾವು ಬಿಚ್ಚುತ್ತೇವೆ. ಅವಳು ನಮ್ಮೆದುರು ಬರುವುದೂ ಇಲ್ಲ, ಮಾತಾಡುವುದೂ ಇಲ್ಲ. ಪುಸ್ತಕ, ಒಳಉಡುಪು, ಚಿತ್ರ ಬರೆಯುವ ಸಾಮಾನು, ಮನೆಯಿಂದ ಮನೆಗೆ ಬಿಡದೆ ಬರುವ ಗೊಂಬೆ, ಇವುಗಳಿಂದಲೇ ಅವಳ ಪರಿಚಯವಾಗಬೇಕು. ಯಾವುದನ್ನಾದರೂ ಇಡಬಾರದ ಕಡೆ ಇಟ್ಟರೆ ಕೊನೆಯಲ್ಲಿ ಅದರ ಸುತ್ತ ಕೆಂಪು ಗೆರೆ ಮೂಡುತ್ತದೆ. ಅದನ್ನು ಸರಿಪಡಿಸದೆ ಮುಂದಿನ ಮನೆಗೆ ಬಿಡುವುದಿಲ್ಲ.

2010ರಲ್ಲಿ ಅವಳು ಗೆಳೆಯನ ಫ್ಲ್ಯಾಟಿಗೆ ಬರುತ್ತಾಳೆ. ಅಚ್ಚುಕಟ್ಟಾದ, ಬೂದು ಬಣ್ಣದ ಮನೆ. ಎಲ್ಲ ಶೆಲ್ಫಿನಲ್ಲೂ ಅವನದೇ ಸಾಮಾನು. ಅವನ ವಸ್ತುಗಳನ್ನು ಆಚೆ ಈಚೆ ಸರಿಸಿ ಇವಳದನ್ನು ತುರುಕುತ್ತಾ ಹೋಗಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು ಕಟ್ಟು ಹಾಕಿಸಿದ ಅವಳ ಪದವಿ ಪ್ರಮಾಣಪತ್ರ. ಗೋಡೆಯಲ್ಲಿ ಜಾಗವಿಲ್ಲ. ಅವನ ಪೋಸ್ಟರ್ ಇಳಿಸೋಣವೆಂದರೆ ಆಗುವುದಿಲ್ಲ. ಹಾಲ್‌ನಲ್ಲಿ ಕೆಂಪು ಗೆರೆ, ಅಡುಗೆಮನೆಯಲ್ಲಿ ಕೆಂಪು ಗೆರೆ. ಅದನ್ನು ಮಂಚದ ಕೆಳಗೆ ತಳ್ಳಿದ ಮೇಲೆಯೇ ಆಟ ಸಮಾಧಾನಗೊಳ್ಳುವುದು. ತಳ್ಳುವವರು ನಾವೇ, ನಮ್ಮದೇ ಕೈ. ಮುಂದಿನ ಹಂತ 2012: ಮತ್ತೆ ಅಪ್ಪ–ಅಮ್ಮನ ಮನೆಯ ಅದೇ ಹಳೇ ಕೋಣೆ. ನಡುವೆ ಏನಾಯಿತೆಂದು ಆಟ ಹೇಳುವುದಿಲ್ಲ, ನಮಗೂ ಕೇಳಬೇಕು ಅನ್ನಿಸುವುದಿಲ್ಲ. ಮಂಚದ ಕೆಳಗೆ ತಳ್ಳಿದಾಗಲೇ ಅರ್ಥವಾಗಿತ್ತು. ಒಂದೇ ಒಂದು ಸಂಭಾಷಣೆಯಿಲ್ಲದ ಈ ಆಟ 2022ರಲ್ಲಿ ಕಥನಕ್ಕಾಗಿ ಬಾಫ್ಟಾ ಪ್ರಶಸ್ತಿ ಗೆದ್ದಿತು. ತೀರ್ಪುಗಾರರಿಗೆ ಕಥೆ ಎಲ್ಲಿದೆ ಅಂತ ಗೊತ್ತಿತ್ತು.

ಹೆಡ್‌ಫೋನ್ ಹಾಕಿಕೊಂಡು ಆಡಿ ಎಂದು ಹೇಳುವುದನ್ನು ಮರೆಯುತ್ತಿದ್ದೆ. ಕಾಫಿ ಮಗ್ಗನ್ನು ಮರದ ಶೆಲ್ಫಿನ ಮೇಲಿಟ್ಟರೆ ಒಂದು ಸದ್ದು, ಟೈಲ್ಸಿನ ಮೇಲಿಟ್ಟರೆ ಇನ್ನೊಂದು, ಹಾಸಿಗೆ ಮೇಲೆ ಹಾಕಿದರೆ ಮತ್ತೊಂದು. ಆಟದ ಧ್ವನಿ ನೋಡಿಕೊಂಡ ಜೆಫ್ ವ್ಯಾನ್ ಡೈಕ್ ಇದಕ್ಕೆಂದೇ ಸಾವಿರಾರು ಸದ್ದು ಕೂಡಿಸಿದ್ದಾರೆ. ಹೀಗೆ ಯಾರೂ ಗಮನಿಸದ ಕಡೆ ಮೈಮುರಿದು ದುಡಿದವರನ್ನು ಕಂಡರೆ ನನಗೆ ವಿಶೇಷ ಪ್ರೀತಿ.

'ಫ್ಲಾರೆನ್ಸ್' ಇದಕ್ಕಿಂತಲೂ ಚಿಕ್ಕದು, ಅರ್ಧ ಗಂಟೆಯ ಆಸುಪಾಸು. 'ಮಾನ್ಯುಮೆಂಟ್ ವ್ಯಾಲಿ' ಗೇಮ್‌ನ ವಿನ್ಯಾಸಕ ಕೆನ್ ವಾಂಗ್ ಮೆಲ್ಬರ್ನಿನಲ್ಲಿ ಕಟ್ಟಿದ ಮೌಂಟನ್ಸ್ ಎಂಬ ತಂಡ ಇದನ್ನು 2018ರ ಪ್ರೇಮಿಗಳ ದಿನದಂದು ಬಿಡುಗಡೆ ಮಾಡಿತು. ಇಪ್ಪತ್ತೈದರ ಫ್ಲಾರೆನ್ಸ್ ಯೋ, ಬೀದಿಯಲ್ಲಿ ಚೆಲೋ ನುಡಿಸುವ ಕ್ರಿಶ್ ಹೇಮ್‌ರಾಜಾನಿ, ಇಬ್ಬರ ಪ್ರೇಮ ಮತ್ತು ಅದರ ಮುಂದಿನ ಕಥೆ. ಕಥೆಯಾಗಿ ಹೇಳಿದರೆ ಹೊಸದೇನಿಲ್ಲ, ವಾರಪತ್ರಿಕೆಯ ಒಂದು ಪುಟಕ್ಕೆ ಸಾಕು. ಆದರೆ ಮಾತುಕತೆಯನ್ನು ಆಟ ಹೇಗೆ ಆಡಿಸುತ್ತದೆ ನೋಡಿ. ಮೊದಲ ಭೇಟಿಯಲ್ಲಿ ಅವಳು ಒಂದು ಮಾತಾಡಬೇಕೆಂದರೆ ನಾವು ಬೆರಳಿನಿಂದ ಎಷ್ಟೋ ಚೂರುಗಳನ್ನು ಜೋಡಿಸಿ ಒಂದು ಮಾತಿನ ಗುಳ್ಳೆ ಮಾಡಬೇಕು. ಭೇಟಿ ಮುಂದುವರಿದಂತೆ ಚೂರುಗಳು ಕಡಿಮೆಯಾಗುತ್ತವೆ, ಕೊನೆಗೆ ಜೋಡಿಸುವುದೇ ಬೇಡ, ಎತ್ತಿಟ್ಟರೆ ಸಾಕು. ಸಲಿಗೆ ಬೆಳೆಯುವುದು ಬೆರಳಿಗೇ ತಿಳಿಯುತ್ತದೆ. ಜಗಳದ ದಿನ ಅದೇ ಚೂರುಗಳು ಚೂಪಾಗುತ್ತವೆ, ಅವನ ಮಾತಿಗಿಂತ ಮೊದಲು ನಮ್ಮದನ್ನು ತುಂಬಿಸುವ ಧಾವಂತ ಹುಟ್ಟುತ್ತದೆ. ನಾನಂತೂ ಗೆಲ್ಲಲೇಬೇಕೆಂದು ಪರದೆ ತಿಕ್ಕಿದ್ದೇ ತಿಕ್ಕಿದ್ದು. ಗೆದ್ದೆ ಕೂಡ. ಗಂಡ–ಹೆಂಡಿರ ಜಗಳದಲ್ಲಿ ಗೆದ್ದವರ ಮುಖ ಹೇಗಿರುತ್ತದೆಂದು ಗೊತ್ತಲ್ಲ?

ಸಂಗೀತ ಕೆವಿನ್ ಪೆಂಕಿನ್ ಅವರದು, ಚೆನ್ನಾಗಿದೆ. ಸ್ವಲ್ಪ ಹೆಚ್ಚೇ ಚೆನ್ನಾಗಿದೆ ಅಂತಲೂ ಅನ್ನಬಹುದು. ಬೆರಳು ಆಗಲೇ ಹೇಳಿದ್ದನ್ನು ಚೆಲೋ ಮತ್ತೊಮ್ಮೆ ಒತ್ತಿ ಹೇಳುತ್ತದೆ.

ನಮ್ಮವರಿಗೆ ತೀರಾ ಹತ್ತಿರದ್ದು 'ವೆಣ್ಬಾ' (2023). ಟೊರಾಂಟೊದ ವಿಸೈ ಗೇಮ್ಸ್ ಮಾಡಿದ್ದು. 1988ರಲ್ಲಿ ಕೆನಡಾಕ್ಕೆ ಹೊಸದಾಗಿ ಬಂದ ತಮಿಳು ದಂಪತಿ ವೆಣ್ಬಾ, ಪಾವಲನ್; ಆಮೇಲೆ ಹುಟ್ಟುವ ಮಗ ಕವಿನ್. ಪ್ರತಿ ಅಧ್ಯಾಯದಲ್ಲೂ ಒಂದು ಅಡುಗೆ. ವೆಣ್ಬಾಳ ಹತ್ತಿರ ತಾಯಿಯ ಕೈಬರಹದ ಅಡುಗೆ ಪುಸ್ತಕವಿದೆ. ಆದರೆ ಹಾಳೆ ಹರಿದಿದೆ, ಅಲ್ಲಲ್ಲಿ ಅಕ್ಷರ ಅಳಿಸಿದೆ. ಉಳಿದ ಸಾಲುಗಳನ್ನು ಹಿಡಿದು, ಅಳಿಸಿದ್ದನ್ನು ಊಹಿಸಿ ಮಾಡಬೇಕು.

ಮೊದಲನೆಯದು ಇಡ್ಲಿ. ಪಾತ್ರೆಗೆ ನೀರು, ತಟ್ಟೆಯ ಕುಳಿಗಳಿಗೆ ಹಿಟ್ಟು, ಇಷ್ಟು ಎಲ್ಲರಿಗೂ ಗೊತ್ತು. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕು ಅನ್ನುವುದೇ ಒಗಟು. ಮೇಲಿನ ತಟ್ಟೆಯ ಕುಳಿ ಕೆಳಗಿನ ಕುಳಿಯ ನೇರಕ್ಕೇ ಬಂದರೆ ಆಗದು, ತಟ್ಟೆಯನ್ನು ಕೊಂಚ ತಿರುಗಿಸಿ ಕೂರಿಸಬೇಕು, ಹಬೆ ತೂತುಗಳಿಂದ ಮೇಲೇರಬೇಕು. ನಮ್ಮ ಅಡುಗೆಮನೆಗಳಲ್ಲಿ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಉಬ್ಬಿದ ಇಡ್ಲಿ ಮೇಲಿನ ತಟ್ಟೆಯ ತಳಕ್ಕೆ ಅಂಟಿ ನೆತ್ತಿ ಚಪ್ಪಟೆಯಾದಾಗ "ತಟ್ಟೆ ತಿರುಗಿಸಿ ಇಡಬಾರದೇನೇ" ಎಂದು ಅಜ್ಜಿಯಿಂದ ಬೈಸಿಕೊಂಡು ಕಲಿತಿರುತ್ತೇವೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಇಡ್ಲಿಯನ್ನೇ ಕಾಣದ ಆಟಗಾರನೊಬ್ಬ ಈ ತಟ್ಟೆ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾನೆ ಎಂದು ನೆನೆದರೆ ಖುಷಿಯಾಗುತ್ತದೆ, ಸುಳ್ಳೇಕೆ.

ಅಡುಗೆ ಮಾಡುವಾಗ ರೇಡಿಯೊ ಹಾಡುತ್ತಿರುತ್ತದೆ. ಆಲ್ಫಾ ಸಮ್‌ಥಿಂಗ್ ಹೆಸರಿನ ಸಂಗೀತಗಾರ ಆಯಾ ದಶಕದ ತಮಿಳು ಸಿನಿಮಾ ಹಾಡಿನ ಧಾಟಿಯಲ್ಲಿ ಹೊಸ ಹಾಡುಗಳನ್ನೇ ಕಟ್ಟಿದ್ದಾರೆ. ಎಂಬತ್ತರ ದಶಕದ ಪಿಟೀಲು ಸಮೂಹದಿಂದ ಮುಂದಿನ ಕಾಲದ ಕೀಬೋರ್ಡಿಗೆ ಹೊರಳುವುದನ್ನು ಕೇಳಿದರೆ ಎಷ್ಟು ವರ್ಷ ಕಳೆಯಿತೆಂದು ತಿಳಿದುಬಿಡುತ್ತದೆ. ಮಗ ಬೆಳೆದಂತೆ ಅವನಿಗೆ ಪಿಜ್ಜಾ ಬೇಕು, ಇಂಗ್ಲಿಷ್ ಬೇಕು. ತಾಯಿಯ ತಮಿಳು ಬೇಡ. ಅವನನ್ನು ಒಲಿಸಲು ಅವಳು ಪುಟ್ಟು ಮಾಡುತ್ತಾಳೆ. ದೊಡ್ಡವನಾದ ಕವಿನ್ ಅದೇ ಪುಸ್ತಕ ತೆರೆದಾಗ ಅವನಿಗೆ ಅಡ್ಡಿಯಾಗುವುದು ಹರಿದ ಹಾಳೆಯಲ್ಲ, ಅಕ್ಷರ. ತಾಯಿಗೆ ಅಳಿಸಿದ ಪದಗಳು ಕಾಣದಿದ್ದರೆ ಮಗನಿಗೆ ಅಳಿಸದವೂ ಸರಿಯಾಗಿ ಓದಲು ಬಾರವು. ಒಗಟು ಒಂದೇ, ಕಷ್ಟ ಬೇರೆ. ಈ ಆಟದ ಅತಿ ಜಾಣ ಜಾಗ ಇದು. ಅಮೆರಿಕದ ಎಡಿಸನ್‌ನಲ್ಲೋ ಸಿಡ್ನಿಯಲ್ಲೋ ಮಕ್ಕಳನ್ನು ಶನಿವಾರದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗುವ ತಾಯಂದಿರು ಆಡಿದರೆ ನನಗಿಂತ ಚೆನ್ನಾಗಿ ಇದರ ವಿಮರ್ಶೆ ಬರೆದಾರು.

ಹಾಗಂತ ಎಲ್ಲವನ್ನೂ ಮೆಚ್ಚಲಾರೆ. ವರ್ಷಗಳನ್ನು ದಾಪುಗಾಲಲ್ಲಿ ದಾಟುವ ಆತುರದಲ್ಲಿ ಮಗನ ಸಿಡುಕು, ಆಮೇಲಿನ ಪಶ್ಚಾತ್ತಾಪ ಎರಡೂ ಸ್ವಿಚ್ ಒತ್ತಿದಂತೆ ಬಂದು ಹೋಗುತ್ತವೆ. ಅತಿ ದೊಡ್ಡ ದುಃಖವನ್ನು ಒಲೆಯ ಮುಂದೆ ನಮ್ಮ ಕೈಯಿಂದ ಮಾಡಿಸದೆ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಇಡ್ಲಿ ತಟ್ಟೆಯಿಂದ ಅಷ್ಟು ಹೇಳಿಸಿದವರಿಗೆ ಇದು ಆಗದ ಕೆಲಸವಾಗಿರಲಿಲ್ಲ. ಅಡುಗೆಯೂ ಇನ್ನಷ್ಟು ಇರಬೇಕಿತ್ತು. ಕೈ ಕುದುರುವಷ್ಟರಲ್ಲಿ ಆಟ ಎಲೆ ಎತ್ತಿಬಿಡುತ್ತದೆ. ಆದರೂ 2024ರಲ್ಲಿ ಚೊಚ್ಚಲ ಕೃತಿಯ ಬಾಫ್ಟಾ, ಜೊತೆಗೆ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಶೇಮಸ್ ಮೆಕ್‌ನ್ಯಾಲಿ ಮಹಾ ಬಹುಮಾನ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ.

ಅದೇ ಮಹಾ ಬಹುಮಾನ 2020ರಲ್ಲಿ ಹೋಗಿದ್ದು 'ಎ ಶಾರ್ಟ್ ಹೈಕ್'ಗೆ. ಕೆನಡಾದ ಆ್ಯಡಮ್ ರಾಬಿನ್ಸನ್–ಯು ಮತ್ತೊಂದು ದೊಡ್ಡ ಆಟ ಮಾಡುತ್ತಾ ಬೇಸತ್ತು, ಅದನ್ನು ಬದಿಗಿಟ್ಟು ಕೆಲವೇ ತಿಂಗಳಲ್ಲಿ ಇದನ್ನು ಮುಗಿಸಿದರು. ಕ್ಲೇರ್ ಎಂಬ ಹಕ್ಕಿ ಹುಡುಗಿ ಬೇಸಿಗೆ ರಜೆಗೆ ಅತ್ತೆಯ ಊರಿಗೆ ಬಂದಿದ್ದಾಳೆ. ಅವಳಿಗೊಂದು ಮುಖ್ಯ ಫೋನ್ ಬರಬೇಕು, ಅಲ್ಲಿ ಸಿಗ್ನಲ್ ಇಲ್ಲ, ಹಾಕ್ ಪೀಕ್ ಬೆಟ್ಟದ ತುದಿಗೆ ಹತ್ತಿದರೆ ಸಿಗಬಹುದು. ಮಲೆನಾಡಿನಲ್ಲಿ ಮೊಬೈಲ್ ಹಿಡಿದು ಗುಡ್ಡ ಹತ್ತಿದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಬಂಗಾರದ ಗರಿ ಸಿಕ್ಕಷ್ಟೂ ಹೆಚ್ಚು ಹತ್ತಬಹುದು, ಹೆಚ್ಚು ಹಾರಬಹುದು. ಗರಿ ಹುಡುಕುತ್ತಾ ಹೋದರೆ ದಾರಿ ತಪ್ಪುತ್ತದೆ. ತಲೆಪಟ್ಟಿ ಕಳೆದುಕೊಂಡ ಮೊಲ ಸಿಗುತ್ತದೆ, ಕಡಲ ತೀರದಲ್ಲಿ ಕೋಲಿನಿಂದ ಚೆಂಡು ಬಾರಿಸುವವರು ಸಿಗುತ್ತಾರೆ, ಮೀನು ಹಿಡಿಯುವ ಗಾಳ ಸಿಗುತ್ತದೆ. ಇಲ್ಲಿ ಕೈಗಿರುವ ಕೆಲಸ ಹತ್ತುವುದಲ್ಲ, ತೇಲುವುದು. ಎತ್ತರದಿಂದ ಧುಮುಕಿ ರೆಕ್ಕೆ ಬಿಚ್ಚಿದಾಗ ಮಾರ್ಕ್ ಸ್ಪಾರ್ಲಿಂಗ್ ಅವರ ಸಂಗೀತವೂ ಜೊತೆಗೇ ಹರಡಿಕೊಳ್ಳುತ್ತದೆ. ಜಾರಿ ಬಿದ್ದರೆ ನಷ್ಟವಿಲ್ಲ, ಬಿದ್ದ ಕಡೆ ಇನ್ನೊಬ್ಬ ಸಿಗುತ್ತಾನೆ ಅಷ್ಟೆ. ತುದಿಯಲ್ಲಿ ಬರುವ ಫೋನ್ ಯಾರದು, ಯಾಕೆ ಅನ್ನುವುದನ್ನು ನಾನಿಲ್ಲಿ ಹೇಳುವುದಿಲ್ಲ. ಅದನ್ನು ಕೇಳಿದ ಮೇಲೆ ಅಷ್ಟು ಹೊತ್ತು ಊರೆಲ್ಲ ಅಲೆದದ್ದು ಯಾಕೆಂದು ಗೊತ್ತಾಗುತ್ತದೆ: ಕ್ಲೇರ್ ಬೆಟ್ಟ ಹತ್ತುತ್ತಿದ್ದಳೋ, ಆ ಕರೆಯಿಂದ ತಪ್ಪಿಸಿಕೊಳ್ಳುತ್ತಿದ್ದಳೋ!

'ಮಿನಿಟ್' (2018) ಬಗ್ಗೆ ಎರಡೇ ಮಾತು. ಶಾಪಗ್ರಸ್ತ ಕತ್ತಿಯೊಂದು ಕೈಗೆ ಸಿಕ್ಕಿ ನಾವು ಪ್ರತಿ 60 ಸೆಕೆಂಡಿಗೆ ಸಾಯುತ್ತೇವೆ, ಮತ್ತೆ ಎದ್ದು ಹೊರಡುತ್ತೇವೆ. ಲೈಟ್‌ಹೌಸ್ ಬಳಿ ಒಬ್ಬ ಮುದುಕ ನಿಧಿಯ ಸುಳಿವು ಕೊಡುತ್ತಾನೆ, ಆದರೆ ಒಂದೊಂದೇ ಅಕ್ಷರ ಎಳೆದೆಳೆದು. ಅವನ ಮಾತು ಮುಗಿಯಲಿ ಎಂದು ಕೈಕಟ್ಟಿ ನಿಂತು ಆಯುಸ್ಸನ್ನೆಲ್ಲ ಕಳೆಯಬೇಕು. ನಮ್ಮ ಸಭೆ–ಸಮಾರಂಭಗಳ ಸ್ವಾಗತ ಭಾಷಣ ಕೇಳಿ ಪಳಗಿದವರಿಗೆ ಇದೇನೂ ಕಷ್ಟವಲ್ಲ.

ಚಿಕ್ಕದೆಲ್ಲ ಚೊಕ್ಕ ಅಂತ ಯಾರೂ ತಿಳಿಯಬೇಡಿ. ಈ ಸಾಲಿನಲ್ಲಿ ಮಧ್ಯದಲ್ಲೇ ಬಿಟ್ಟವೂ ಇವೆ. ಜಲವರ್ಣದ ಹಿನ್ನೆಲೆ, ಮೆಲ್ಲಗೆ ಪಿಯಾನೊ, ತೀರಿಹೋದ ತಂದೆಯೋ ತಾಯಿಯೋ, ಎಡದಿಂದ ಬಲಕ್ಕೆ ನಿಧಾನ ನಡೆಯುವ ಮಗು, ನಡುನಡುವೆ ಆಕಾಶದಲ್ಲಿ ತೇಲಿ ಬರುವ ಒಂದೊಂದು ವಾಕ್ಯ. ಇದೊಂದು ಮಾದರಿಯೇ ಆಗಿಬಿಟ್ಟಿದೆ. ಕೈಗೆ ಬಲಬಾಣದ ಗುಂಡಿ ಒತ್ತಿ ಹಿಡಿಯುವುದು ಬಿಟ್ಟು ಕೆಲಸವಿಲ್ಲ. ಅಳಿಸಲೇಬೇಕೆಂದು ಹಟ ಹಿಡಿದವರ ಮುಂದೆ ನನಗೆ ಆಕಳಿಕೆ ಬರುತ್ತದೆ.

ಚಿಕ್ಕ ಆಟಕ್ಕೆ ಮಾರುಕಟ್ಟೆಯೂ ಒಗ್ಗುವುದಿಲ್ಲ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಗಿರಾಕಿಗೆ ಒಳ್ಳೆಯ ನಿಯಮವೇ. ಆದರೆ ಆಟವೇ ಒಂದೂವರೆ ಗಂಟೆಯದ್ದಾದರೆ? 'ಸಮ್ಮರ್ ಆಫ್ 58' ಎಂಬ ಪುಟ್ಟ ದೆವ್ವದ ಆಟ ಮಾಡಿದ ಎಮಿಕಾ ಗೇಮ್ಸ್ 2021ರ ಆಗಸ್ಟಿನಲ್ಲಿ ಇದೇ ಗೋಳು ತೋಡಿಕೊಂಡಿತು. ಆಡಿ ಮುಗಿಸಿ, ಚೆನ್ನಾಗಿದೆ ಎಂದು ಬರೆದವರೂ ಹಣ ವಾಪಸ್ ಪಡೆಯುತ್ತಿದ್ದಾರೆ, ಇನ್ನು ಆಟ ಮಾಡುವುದನ್ನೇ ಬಿಡುತ್ತೇನೆ ಎಂದಿತು. ಉಂಡು ಕೈತೊಳೆದು ಬಿಲ್ ಕೊಡದೆ ಹೋಗುವುದಕ್ಕೆ ದರ್ಶಿನಿಗಳು ಟೋಕನ್ ಪದ್ಧತಿ ಕಂಡುಹಿಡಿದವು. ಗೇಮ್ ಅಂಗಡಿಗಳಿಗೆ ಇನ್ನೂ ಹೊಳೆದಿಲ್ಲ.

ಇಷ್ಟಾದರೂ ಇಂಥ ಆಟ ನಮ್ಮಲ್ಲೂ ಹುಟ್ಟಬೇಕು. ಬೆಂಗಳೂರಿನಲ್ಲಿ ಗೇಮ್ ಕೆಲಸ ಇಂದು ನಿನ್ನೆಯದಲ್ಲ. ಧ್ರುವ ಇಂಟರಾಕ್ಟಿವ್ 1997ರಲ್ಲೇ ಇಲ್ಲಿ ಶುರುವಾಗಿ, 'ಫೋರ್ಜಾ'ದಂಥ ದೊಡ್ಡ ರೇಸಿಂಗ್ ಗೇಮ್‌ಗಳಿಗೆ ಕಲೆಯ ಕೆಲಸ ಮಾಡಿಕೊಟ್ಟು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ತೆಕ್ಕೆಗೆ ಹೋಯಿತು. ಪರರ ಕಾರಿಗೆ ಬಣ್ಣ, ಪರರ ಊರಿಗೆ ಕಟ್ಟಡ ಮಾಡಿಕೊಡುವ ಪಳಗಿದ ಕೈಗಳು ಊರಿನ ತುಂಬ ಇವೆ. ಅವರಲ್ಲಿ ಯಾರಾದರೂ ರಜೆ ಹಾಕಿ ಒಂದೂವರೆ ಗಂಟೆಯ ಆಟವೊಂದನ್ನು ಮಾಡಲಿ ಎಂಬುದು ನನ್ನ ಆಸೆ. ಕಥೆ ಹುಡುಕಿಕೊಂಡು ಅಲೆಯಬೇಕಿಲ್ಲ. ಕೈಗೊಂದು ಕೆಲಸ ಹುಡುಕಿದರೆ ಸಾಕು: ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು, ಮದುವೆ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಓಡುವುದು.

ಹೊಸಬರು 'ಫ್ಲಾರೆನ್ಸ್'ನಿಂದ ಶುರು ಮಾಡಿ, ಫೋನಿನಲ್ಲೇ ಆಡಿ. ಮೌಸ್ ಹಿಡಿದರೆ ಅರ್ಧ ರುಚಿ ಹೋಗುತ್ತದೆ. 'ಎ ಶಾರ್ಟ್ ಹೈಕ್'ಗೆ ಕಂಟ್ರೋಲರ್ ಬೇಕು. 'ವೆಣ್ಬಾ'ವನ್ನು ಮಾತ್ರ ಹೊಟ್ಟೆ ತುಂಬಿದ ಮೇಲೆ ತೆರೆಯಿರಿ.