ಕೇಕೆ ಹಾಕಿದವರ ಬೆಂಚು

ಸ್ಟೀಫನ್ ಎಲಿಯಟ್‌ನ ‘ಪ್ರಿಸಿಲ್ಲಾ, ಕ್ವೀನ್ ಆಫ್ ದ ಡೆಸರ್ಟ್’ (1994) ಚಿತ್ರವನ್ನು ಹೊಗಳುವುದು ಸುಲಭ. ಸಿಡ್ನಿಯಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಹೊರಟ ಹಳೇ ಬಸ್ಸು. ಒಳಗೆ ಹೆಣ್ಣುಡುಗೆ ತೊಟ್ಟು ಕುಣಿಯುವ ಟಿಕ್ ಮತ್ತು ಫೆಲಿಷಿಯಾ, ಗಂಡಾಗಿ ಹುಟ್ಟಿ ಹೆಣ್ಣಾದ ಬರ್ನಡೆಟ್. ಬ್ರೋಕನ್ ಹಿಲ್‌ನಲ್ಲಿ ಬಸ್ಸಿನ ಮೈಮೇಲೆ ಏಡ್ಸ್ ಹೆಸರೆತ್ತಿ ಹೊಲಸು ಬೈಗುಳ ಬರೆಯುತ್ತಾರೆ. ಕೂಬರ್ ಪೀಡಿಯಲ್ಲಿ ಗಂಡಸರ ಗುಂಪು ಫೆಲಿಷಿಯಾಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಈ ಅವಮಾನ ಸುಳ್ಳಲ್ಲ. ಊರೊಳಗೆ ಕಾಲಿಡುವಾಗ ಮೈ ಮುದುಡಿಕೊಂಡು ಗೊತ್ತಿರುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾನ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು, 1995ರಲ್ಲಿ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಬಂತು, 2000ದ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ಪ್ರಿಸಿಲ್ಲಾಳ ಮೆರವಣಿಗೆಯೂ ಆಯಿತು. ಬೈಗುಳ ತಿಂದ ಬಸ್ಸು ದೇಶದ ಹೆಮ್ಮೆಯಾಯಿತು. ಆಗಲಿ, ಸಂತೋಷವೇ.

ಆದರೆ ಸಿಂಥಿಯಾ? ಅವಳು ಮೆಕ್ಯಾನಿಕ್ ಬಾಬ್‌ನ ಫಿಲಿಪೀನೋ ಹೆಂಡತಿ. ಅರಚುತ್ತಾಳೆ, ಮುರುಕು ಇಂಗ್ಲಿಷ್ ಆಡುತ್ತಾಳೆ, ಹೆಂಡದಂಗಡಿಯಲ್ಲಿ ಪಿಂಗ್‌ಪಾಂಗ್ ಚೆಂಡುಗಳ ಅಶ್ಲೀಲ ಆಟ ತೋರಿಸುತ್ತಾಳೆ. ಮೂವರ ಕುಣಿತಕ್ಕೆ ಬೆಪ್ಪಾಗಿ ಕೂತಿದ್ದ ಗಂಡಸರು ಇವಳಿಗೆ ಕೇಕೆ ಹಾಕುತ್ತಾರೆ. ಆ ಗಂಡಸರನ್ನು ಒರಟರೆಂದು ತೋರಿಸುವ ಚಿತ್ರವೇ, ಅದೇ ಗಳಿಗೆಯಲ್ಲಿ, ನಗುತ್ತಿರುವ ಪ್ರೇಕ್ಷಕನನ್ನೂ ಅವರ ಬೆಂಚಿನಲ್ಲೇ ಕೂರಿಸಿಬಿಡುತ್ತದೆ. ಫಿಲಿಪೀನೋ ಸಮುದಾಯದವರು ಪ್ರತಿಭಟಿಸಿದ್ದು ಇದನ್ನೇ. ಆಸ್ಟ್ರೇಲಿಯನ್ ಗಂಡಂದಿರ ಕೈಯಲ್ಲಿ ಫಿಲಿಪೀನೋ ಹೆಂಗಸರು ಕೊಲೆಯಾದ ಸುದ್ದಿಗಳು ಆ ದೇಶದಲ್ಲಿ ಹೊಸವೇನಾಗಿರಲಿಲ್ಲ.

‘ಕಾಮಿಡಿ ಸ್ವಾಮಿ, ಎಲ್ಲರನ್ನೂ ಗೇಲಿ ಮಾಡಿದೆಯಲ್ಲ’ ಎನ್ನುವ ವಾದವೊಂದುಂಟು. ಅದು ನಿಲ್ಲುವುದಿಲ್ಲ. ಬರ್ನಡೆಟ್‌ಗೆ ಸತ್ತ ಪ್ರಿಯನ ದುಃಖ ಇದೆ, ಟಿಕ್‌ಗೆ ಮಗ ಇದ್ದಾನೆ, ಫೆಲಿಷಿಯಾಳಿಗೆ ಬಾಲ್ಯದ ನೆನಪಿದೆ. ಸಿಂಥಿಯಾಳಿಗೆ ಏನಿದೆ? ಎಲ್ಲಿಂದ ಬಂದಳು, ಯಾವ ಬಡತನ ತಂದು ಬಿಟ್ಟಿತು ಎಂದು ಕ್ಯಾಮೆರಾ ಕೇಳುವುದೇ ಇಲ್ಲ. ಅವಳು ಮನೆ ಬಿಟ್ಟು ಹೊರಟಾಗ ಕಥೆಗೆ ಸಲೀಸಾಗುತ್ತದೆ: ಬಾಬ್ ಬಸ್ಸು ಹತ್ತುತ್ತಾನೆ, ಬರ್ನಡೆಟ್‌ಗೆ ಜೊತೆಗಾರನಾಗುತ್ತಾನೆ. ಅವಮಾನಿತರ ಬಸ್ಸಿನಲ್ಲಿ ಬಿಳಿ ಗಂಡನಿಗೆ ಸೀಟು ಸಿಕ್ಕಿತು, ಅವಳಿಗೆ ಸಿಗಲಿಲ್ಲ.

ಮೂಲನಿವಾಸಿಗಳ ಕಥೆ ಬೇರೆ. ಅವರು ದಾರಿತಪ್ಪಿದವರನ್ನು ಬೆಂಕಿಯ ಸುತ್ತ ಕೂರಿಸಿಕೊಳ್ಳುತ್ತಾರೆ, ಕೂಡಿ ಹಾಡುತ್ತಾರೆ. ಚೆಂದದ ದೃಶ್ಯವೇ. ಬೆಳಗಾದರೆ ಅವರು ಕಥೆಯಲ್ಲಿಲ್ಲ. ನೆಲ ಅವರದು, ಪ್ರಯಾಣ ಇವರದು. ಕೊನೆಯಲ್ಲಿ ಮೂವರೂ ಗರಿ ಕಟ್ಟಿಕೊಂಡು ಉಲುರು ಬಂಡೆ ಹತ್ತಬೇಕೆಂದು ಮೊದಲ ಯೋಚನೆ ಇತ್ತಂತೆ. ಅನಂಗು ಜನರಿಗೆ ಪವಿತ್ರವಾದ ಜಾಗವೆಂದು ಅನುಮತಿ ಸಿಗಲಿಲ್ಲ. ಹಾಗಾಗಿ ಅವರು ಹತ್ತಿದ್ದು ಕಿಂಗ್ಸ್ ಕ್ಯಾನ್ಯನ್.