ಕರಡಿಮರಿ ಮತ್ತು ಪೆಂಗ್ವಿನ್

ಮೆತ್ತನೆಯ ಗೊಂಬೆಗೂ ಕಂಪ್ಯೂಟರಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳುವವರು ಒಮ್ಮೆ ಮೂರ್ನಾಡಿನ ಮಳೆಗಾಲಕ್ಕೆ ಬರಬೇಕು. ಕಕ್ಕಡ ತಿಂಗಳಲ್ಲಿ ಹತ್ತಿ ತುಂಬಿದ ಕರಡಿಮರಿಗೆ ಬೂಷ್ಟು ಹಿಡಿಯುತ್ತದೆ. ಕಂಪ್ಯೂಟರಿಗೆ ವರ್ಷವಿಡೀ ವೈರಸ್ ಹಿಡಿಯುತ್ತದೆ. ಕರಡಿಯನ್ನಾದರೂ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬಹುದು.

ವಿಂಡೋಸ್ ಎಂಬುದು ಅಂಗಡಿಯ ಟೆಡ್ಡಿ ಕರಡಿ. ಯಾರ ಅಪ್ಪುಗೆಗೂ ಒಗ್ಗುತ್ತದೆ, ಆದರೆ ಹೊಟ್ಟೆಯ ಹೊಲಿಗೆ ಬಿಚ್ಚಿ ಒಳಗೇನಿದೆ ಎಂದು ನೋಡುವಂತಿಲ್ಲ. 2001ರಲ್ಲಿ ಬಂದ ಎಕ್ಸ್‌ಪಿ ಈ ಜಾತಿಯಲ್ಲೇ ಗುಣವಂತ ಕರಡಿ. ಒಂದು ಕಣ್ಣು ಕಿತ್ತುಹೋದರೂ ಜನ ಕೈಬಿಡಲಿಲ್ಲ. 2014ರ ಏಪ್ರಿಲ್ 8ಕ್ಕೆ ಕಂಪನಿಯವರು, ಇನ್ನು ಇದಕ್ಕೆ ತೇಪೆ ಹಾಕುವುದಿಲ್ಲ ಎಂದುಬಿಟ್ಟರು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಅದೇ ಗತಿ. ನಡುವೆ 2012ರಲ್ಲಿ ಬಂದ ವಿಂಡೋಸ್ 8 ಕರಡಿಯೋ ಕೌದಿಯೋ ತಿಳಿಯದು: ಎಲ್ಲೆಲ್ಲೂ ಬಣ್ಣದ ಚೌಕಗಳು, ಸ್ಟಾರ್ಟ್ ಗುಂಡಿಯೇ ಮಾಯ!

ಆಪಲ್‌ನವರ ಮ್ಯಾಕ್ ನೆಂಟರ ಮನೆಯ ಶೋಕೇಸಿನ ಗೊಂಬೆ. ಚೆಂದವಿದೆ, ಅಷ್ಟೆ.

ಲಿನಕ್ಸಿಗೆ ಗೊಂಬೆಯೇ ಗುರುತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಇದನ್ನು ಶುರುಮಾಡಿದ. 1996ರಲ್ಲಿ ಲ್ಯಾರಿ ಯೂಯಿಂಗ್ ಎಂಬವರು ಹೊಟ್ಟೆ ತುಂಬ ಉಂಡು ಕುಳಿತ ಪೆಂಗ್ವಿನ್ ಬರೆದುಕೊಟ್ಟರು. ಈ ಗೊಂಬೆಯ ಜೊತೆಗೆ ಬಟ್ಟೆ ಕತ್ತರಿಸುವ ಅಳತೆಯನ್ನೂ ಕೊಡುತ್ತಾರೆ. ಬಿಚ್ಚಿ, ತಿದ್ದಿ, ಹೊಲಿದು, ಪಕ್ಕದ ಮನೆಗೂ ಹಂಚಬಹುದು. ಅಜ್ಜಿಯರು ಹಳೆ ಸೀರೆಯಲ್ಲಿ ಮಾಡುತ್ತಿದ್ದ ಬಟ್ಟೆಗೊಂಬೆಯ ವಂಶ. ಹಾಗೆಂದು ಮುದ್ದು ಮಾಡಿಯೇ ಕೂರಲಾರೆ. ಕೆಲವು ಪ್ರಿಂಟರುಗಳನ್ನು ಕಂಡರೆ ಇದು ಮುಖ ತಿರುಗಿಸುತ್ತದೆ. ನಮ್ಮ ಬರಹ, ನುಡಿಗಳು ಹುಟ್ಟಿದ್ದು ಕರಡಿಯ ಮಡಿಲಲ್ಲಿ. ಅವುಗಳ ಹಳೆಯ ಅಕ್ಷರಗಳಲ್ಲಿ ಮಾಡಿದ ಪ್ರಶ್ನೆಪತ್ರಿಕೆಯನ್ನು ಪೆಂಗ್ವಿನ್ನಿನ ಮುಂದಿಟ್ಟರೆ ಕಾಗೆ ಕಾಲಿನ ಗೀಚು ಕಾಣುತ್ತದೆ.

ಆದರೂ ಶಾಲೆಗೆ ಯಾವುದು ಎಂದರೆ ನನ್ನ ಮತ ಪೆಂಗ್ವಿನ್ನಿಗೇ. ಮಕ್ಕಳು ಗೊಂಬೆಯ ಹೊಟ್ಟೆ ಬಿಚ್ಚದೆ ಬಿಡುವುದುಂಟೆ? ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಹೆಸರಿನದು, ಸರಕಾರಿ ಶಾಲೆಗಳಿಗೆ ಲಿನಕ್ಸನ್ನೇ ಒಗ್ಗಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಗುಡ್ಡದ ಈಚೆಗೆ ಆ ಗಾಳಿ ಬೀಸಿದ್ದು ಕಡಿಮೆ.

ಏಳನೆಯ ತರಗತಿಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಒಬ್ಬಳು ಎದ್ದು, "ಮಿಸ್, ಪೆಂಗ್ವಿನ್ನಿಗೆ ಕೊಡವ ತಕ್ಕ್ ಕಲಿಸಬಹುದಾ?" ಎಂದಳು. ಕರಡಿಗೆ ಕಲಿಸಬೇಕಾದರೆ ಕಂಪನಿ ಮನಸ್ಸು ಮಾಡಬೇಕು, ಇದಕ್ಕೆ ನೀವೇ ಕಲಿಸಬಹುದು ಎಂದೆ. ಸರಿ, 'ಫೈಲ್' ಎನ್ನುವುದಕ್ಕೆ ಏನನ್ನಬೇಕು ಎಂದು ಅವರವರಲ್ಲೇ ಜಗಳ ಹತ್ತಿತು. ಬೆಲ್ ಹೊಡೆದರೂ ನಿಲ್ಲಲಿಲ್ಲ.